ಜೈಸಲ್ಮೇರಿನಲ್ಲಿ ಎಲ್ಲಿ ಉಳಿಯೋದು: ಕೋಟೆ ಒಳಗಾ, ಕೆಳಗಿನ ಪೇಟೆಯಲ್ಲಾ, ಮರಳಿನಲ್ಲಾ?

ಅಕ್ಟೋಬರ್ ಹತ್ತಿರ ಬಂದರೆ ಸಾಕು, ರಾಜಸ್ಥಾನಕ್ಕೆ ಹೊರಟವರ ಪ್ರಶ್ನೆಗಳು ಶುರುವಾಗುತ್ತವೆ. ಜೈಪುರ, ಉದಯಪುರದ ಬಗ್ಗೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಜೈಸಲ್ಮೇರಿನ ಮಾತು ಬಂದಾಗ ಮಾತ್ರ ಗೊಂದಲ. "ಕೋಟೆ ಒಳಗೇ ರೂಮ್ ಸಿಗುತ್ತಂತೆ, ತಗೊಳ್ಳೋಣವಾ?" "ಅಲ್ಲಿ ಉಳೀಬಾರದು ಅಂತಾರಲ್ಲ, ಯಾಕೆ?" "ಮರಳಲ್ಲಿ ಟೆಂಟ್ ಅಂದ್ರೆ ಅಪ್ಪ ಅಮ್ಮನಿಗೆ ಆಗುತ್ತಾ?"

ಬಾಡಿಗೆ ಎಷ್ಟು, ಕಿಟಕಿಯಿಂದ ಏನು ಕಾಣುತ್ತದೆ ಅನ್ನುವುದರಲ್ಲೇ ಇದಕ್ಕೆ ಉತ್ತರ ಮುಗಿಯುವುದಿಲ್ಲ. ಈ ಊರಲ್ಲಿ ನಿಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ಕೇಳಬೇಕು. ಅಲ್ಲಿನ ಜನರ ಅರ್ಧ ಜಗಳ ಅದರದ್ದೇ.

ಮೊದಲು ಊರಿನ ಕಷ್ಟ ಏನು ಅಂತ ನೋಡೋಣ

ಜೈಸಲ್ಮೇರ್ ಚಿಕ್ಕ ಊರು. 2011ರ ಜನಗಣತಿಯಲ್ಲಿ ಸುಮಾರು 65 ಸಾವಿರ ಜನ. 1156ರಲ್ಲಿ ಭಾಟಿ ರಜಪೂತರ ರಾವಲ್ ಜೈಸಲ್ ಕಟ್ಟಿಸಿದ ಕೋಟೆ ಊರ ನಡುವಿನ ತ್ರಿಕೂಟ ಗುಡ್ಡದ ಮೇಲಿದೆ. 99 ಬುರುಜು, ಎಲ್ಲ ಹಳದಿ ಕಲ್ಲು. ಒಳಗೆ ಇವತ್ತಿಗೂ ಮೂರು ಸಾವಿರದಷ್ಟು ಜನ ಮನೆ ಮಾಡಿಕೊಂಡಿದ್ದಾರೆ. ಅಂಗಡಿ, ದೇವಸ್ಥಾನ, ಒಣಗಿ ಹಾಕಿದ ಬಟ್ಟೆ, ಸ್ಕೂಟರ್, ದನ, ಎಲ್ಲ ಉಂಟು. 2013ರಲ್ಲಿ ರಾಜಸ್ಥಾನದ ಇನ್ನೈದು ಕೋಟೆಗಳ ಜೊತೆ ಇದೂ ಯುನೆಸ್ಕೋ ಪಟ್ಟಿಗೆ ಸೇರಿತು.

ವರ್ಷಕ್ಕೆ 200 ಮಿ.ಮೀ. ಆಸುಪಾಸು ಮಳೆ ಬೀಳುವ ಜಾಗ ಅಂದುಕೊಂಡೇ ಈ ಗುಡ್ಡದ ಮೇಲೆ ಮನೆ ಕಟ್ಟಿದ್ದು. ಕುಡಿಯುವ ನೀರು ಬರುತ್ತಿದ್ದದ್ದು ಊರಾಚೆಯ ಗಡೀಸರ್ ಕೆರೆಯಿಂದ. 1965ರವರೆಗೂ ಊರಿಗೆ ಅದೇ ಆಧಾರ. ಹೆಂಗಸರು ತಲೆ ಮೇಲೆ ಕೊಡ ಹೊತ್ತು ಗುಡ್ಡ ಹತ್ತುತ್ತಿದ್ದರು. ಹಾಗೆ ತಂದ ನೀರನ್ನು ಯಾರಾದರೂ ಸುಮ್ನೆ ಚೆಲ್ಲುತ್ತಾರಾ? ಆಮೇಲೆ ನಲ್ಲಿ ಬಂತು, ಫ್ಲಶ್ ಬಂತು, ಪ್ರವಾಸಿಗರು ಬಂದರು, ಮನೆಗಳು ಗೆಸ್ಟ್ ಹೌಸ್ ಆದವು, ಒಂದೊಂದು ರೂಮಿಗೂ ಒಂದೊಂದು ಬಾತ್‌ರೂಮ್ ಬಂತು. ಚರಂಡಿ ಮಾತ್ರ ಅದೇ ವೇಗದಲ್ಲಿ ಬೆಳೆಯಲಿಲ್ಲ. ಸೋರಿದ ನೀರು ಗುಡ್ಡದೊಳಕ್ಕೆ ಇಳಿಯಿತು. ಕಲ್ಲಿನ ಪದರಗಳ ಕೆಳಗಿರುವ ಜೇಡಿಮಣ್ಣು ನೀರು ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಜಾರುತ್ತದೆ. ಮೇಲಿನ ಗೋಡೆ ಎಷ್ಟೇ ಗಟ್ಟಿಯಿದ್ದರೂ ಪಾದವೇ ಸರಿದರೆ ಏನು ಮಾಡೋದು?

1990ರ ದಶಕದಲ್ಲೇ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಈ ಕೋಟೆಯನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತ್ತು. ಆಮೇಲೆ ಬುರುಜುಗಳ ರಿಪೇರಿ ಆಗಿದೆ, ಚರಂಡಿ ಕೊಳವೆ ಬದಲಿಸುವ ಕೆಲಸವೂ ನಡೆದಿದೆ. ಆದರೂ 2024ರ ಆಗಸ್ಟ್ ಮಳೆಗೆ ಕೋಟೆ ಗೋಡೆಯ ಒಂದು ಭಾಗ ಕೆಳಗಿನ ರಸ್ತೆಗೆ ಕುಸಿದು ಬಿತ್ತು. ಹಳೇ ಕಥೆ ಅಂತ ತಳ್ಳಿಹಾಕುವ ಹಾಗಿಲ್ಲ.

ಯಾವುದರ ಮೇಲೆ ಅಳೆಯೋದು?

ನನ್ನ ಲೆಕ್ಕದಲ್ಲಿ ಐದು ವಿಷಯ. ಒಂದು, ನೀರು: ಎಲ್ಲಿಂದ ಬರುತ್ತದೆ, ಬಳಸಿದ ಮೇಲೆ ಎಲ್ಲಿಗೆ ಹೋಗುತ್ತದೆ. ಎರಡು, ನೀವು ಕೊಟ್ಟ ದುಡ್ಡು ಊರಿನವರ ಕೈಗೆ ಎಷ್ಟು ಸೇರುತ್ತದೆ. ಮೂರು, ಮೊಣಕಾಲು. ನಗಬೇಡಿ, ಜೈಸಲ್ಮೇರಿನಲ್ಲಿ ಎಲ್ಲ ಒಳ್ಳೆಯ ರೂಮೂ ಕಡಿದಾದ ಮೆಟ್ಟಿಲ ತುದಿಯಲ್ಲೇ ಇರುತ್ತದೆ. ನಾಲ್ಕು, ರಾತ್ರಿ ನಿದ್ದೆ. ಐದು, ಬಜೆಟ್, ಅದೂ ಮೊದಲು ಹೇಳಿದ ರೇಟಲ್ಲ, ಕೊನೆಗೆ ಕೈಬಿಟ್ಟ ದುಡ್ಡು.

ಇವುಗಳಲ್ಲಿ ನಿಮಗೆ ಯಾವುದು ಮೊದಲು ಅನ್ನುವುದು ನಿಮಗೇ ಬಿಟ್ಟದ್ದು. ಎಂಟು ವರ್ಷದ ಮಗು, ಎಪ್ಪತ್ತರ ಅಜ್ಜಿ ಜೊತೆಗಿದ್ದರೆ ಮೂರನೆಯದು ಮೊದಲಿಗೆ ಬರುತ್ತದೆ. ಸ್ನೇಹಿತರ ಗುಂಪಾದರೆ ಐದನೆಯದು.

ಕೋಟೆ ಒಳಗೆ

ಆಸೆ ಹುಟ್ಟೋದು ಸಹಜ. ಅಖೈ ಪೋಲ್‌ನಿಂದ ಶುರುವಾಗಿ ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್ ಅಂತ ನಾಲ್ಕು ಬಾಗಿಲು ದಾಟಿ ಮೇಲೆ ಹೋದರೆ ದಸರಾ ಚೌಕ. ಹಗಲಿನ ಗದ್ದಲ ಕೆಳಗಿಳಿದ ಮೇಲೆ ಓಣಿಗಳು ಮನೆಯವರದ್ದೇ ಆಗುತ್ತವೆ. ಜಗಲಿ ಮೇಲೆ ಕೂತ ಅಜ್ಜಿಯರು, ಗೋಡೆ ಮೇಲೆ ಮದುವೆಯ ಕರೆಯೋಲೆಯಾಗಿ ಬರೆದ ಗಣಪತಿ ಚಿತ್ರ, ಬೆಳಗ್ಗೆ ಜೈನ ಬಸದಿಯ ಗಂಟೆ. ಇದು ಹಗಲು ಬಂದು ಹೋಗುವವರಿಗೆ ಸಿಗುವುದಿಲ್ಲ, ನಿಜ.

ಅದೇ ಓಣಿಯಲ್ಲಿ ಸ್ವಲ್ಪ ನಿಂತು ಗೋಡೆಯ ಬುಡ ನೋಡಿ. ಹಳದಿ ಕಲ್ಲು ನೆಲದಿಂದ ಮೊಣಕಾಲೆತ್ತರದವರೆಗೆ ಕಪ್ಪಾಗಿರುತ್ತದೆ. ಅದರ ಮೇಲೊಂದು ಬಿಳಿ ಗೆರೆ, ಉಪ್ಪು ಹೂವು ಬಿಟ್ಟದ್ದು. ಬೆರಳಿಂದ ಒರೆಸಿದರೆ ಕಲ್ಲು ಪುಡಿಯಾಗಿ ಬರುತ್ತದೆ. ಅಲ್ಲೇ ಪಕ್ಕದಲ್ಲಿ ಮಹಡಿಯಿಂದ ಇಳಿದ ಪ್ಲಾಸ್ಟಿಕ್ ಕೊಳವೆ ಇದ್ದರೆ ಕಾರಣ ಹುಡುಕಬೇಕಾಗಿಲ್ಲ. ಮಳೆಯಿಲ್ಲದ ಊರಿನ ಗೋಡೆ ಒದ್ದೆಯಾಗುವುದು ಹೇಗೆ?

ಹಾಗಾದರೆ ಕೋಟೆಯಲ್ಲಿ ಉಳಿಯಲೇಬಾರದಾ? ಬಹಳ ಪ್ರವಾಸ ಬರಹಗಾರರು ಹಾಗೇ ಹೇಳಿ ಕೈತೊಳೆದುಕೊಳ್ಳುತ್ತಾರೆ. ಒಳಗಿರುವವರ ಮಾತನ್ನೂ ಕೇಳಬೇಕು, ಅಲ್ವಾ? ಅವರ ಮನೆ ಅವರದ್ದೇ, ತಲೆಮಾರುಗಳಿಂದ ಅಲ್ಲೇ ಇದ್ದಾರೆ. ಗೋಡೆ, ಬುರುಜು ಪುರಾತತ್ವ ಇಲಾಖೆಯ ಹೊಣೆ, ಮನೆ ಮನೆಯವರ ಹೊಣೆ. 2010ರ ತಿದ್ದುಪಡಿ ಕಾನೂನಿನ ಪ್ರಕಾರ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದು ಕಟ್ಟುವ ಹಾಗಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ಸೂರಿನ ತೊಲೆ ಕೊಳೆತು ಬೀಳುತ್ತಿದ್ದರೂ ಅರ್ಜಿ ಹಿಡಿದು ಕಾಯಬೇಕು. ಪಕ್ಕದಲ್ಲೇ ಹೋಟೆಲಿನ ಮಹಡಿ ಮೇಲೊಂದು ಮಹಡಿ ಏಳುತ್ತದೆ, ಅದು ಹೇಗೆ ಅಂತ ಜನ ಕೇಳುತ್ತಾರೆ. ಮನೆ ಉಳಿಸಿಕೊಳ್ಳಲು ಬೇಕಾದ ದುಡ್ಡು ಎರಡು ರೂಮ್ ಬಾಡಿಗೆಗೆ ಕೊಟ್ಟರೇ ಬರುವುದು. ಬಾಡಿಗೆಗೆ ಕೊಟ್ಟರೆ ನೀರು ಜಾಸ್ತಿ, ನೀರು ಜಾಸ್ತಿಯಾದರೆ ಮನೆಗೇ ಪೆಟ್ಟು. ಈ ಸುಳಿಯಿಂದ ಅವರು ಸುಲಭಕ್ಕೆ ಹೊರಬರುವ ಹಾಗಿಲ್ಲ.

ಎಲ್ಲರನ್ನೂ ಕೆಳಗಿಳಿಸಿ ಕೋಟೆಯನ್ನು ಖಾಲಿ ಮಾಡಿಸಿ ಅನ್ನುವ ಮಾತೂ ಆಗಾಗ ಕೇಳಿಬರುತ್ತದೆ. 2011ರಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನಲ್ಲಿದ್ದವರನ್ನು ಎಬ್ಬಿಸಿದ್ದು ನಮಗೆ ಗೊತ್ತಿದೆ. ಬೀದಿ ಚೊಕ್ಕಟವಾಯಿತು, ಬದುಕು ಹೋಯಿತು. ಜೈಸಲ್ಮೇರಿಗೆ ಅದು ಬೇಡ ಅನ್ನುವವರ ಕಡೆ ನಾನು. ಜನ ಇರಲಿ. ಅತಿಥಿಗಳ ಬಚ್ಚಲು ಕೆಳಗೆ ಇರಲಿ.

ಆದ್ದರಿಂದ ನನ್ನ ಸಲಹೆ: ಕೋಟೆಯಲ್ಲಿ ಉಳಿಯಲೇಬೇಕು ಅನ್ನಿಸಿದರೆ ಒಂದೇ ರಾತ್ರಿ, ಮನೆಯವರೇ ವಾಸವಿರುವ ಮೂರು ನಾಲ್ಕು ರೂಮಿನ ಮನೆಯಲ್ಲಿ. ಬಾತ್‌ಟಬ್, ಜಕೂಝಿ ಅಂತ ಫೋಟೋ ಹಾಕಿದ ಕಡೆಗೆ ತಲೆ ಹಾಕಬೇಡಿ. ಬಕೆಟ್ ಸ್ನಾನ ಮಾಡಿ, ಬಟ್ಟೆ ಒಗೆಯುವುದನ್ನು ಮುಂದಿನ ಊರಿಗೆ ಇಟ್ಟುಕೊಳ್ಳಿ. ವಯಸ್ಸಾದವರಿಗೆ ಕಷ್ಟ. ಆಟೋ ಸ್ವಲ್ಪ ಮೇಲೆ ಬರುತ್ತದೆ, ಆಮೇಲೆ ನುಣ್ಣಗೆ ಸವೆದ ಕಲ್ಲುಹಾಸಿನ ಮೇಲೆ ಸೂಟ್‌ಕೇಸ್ ಎಳೆಯಬೇಕು, ಆಮೇಲೆ ಮೆಟ್ಟಿಲು. ಬಾಡಿಗೆಯೂ ಅದೇ ಥರದ ಕೆಳಗಿನ ರೂಮಿಗಿಂತ ಸಾಮಾನ್ಯವಾಗಿ ಜಾಸ್ತಿ.

ಕೆಳಗಿನ ಹಳೇ ಪೇಟೆ

ಕೋಟೆಯ ಸುತ್ತ ಇರುವ ಗಾಂಧಿ ಚೌಕ, ಪಟವಾ ಹವೇಲಿ (ಹಳೇ ಶ್ರೀಮಂತರ ದೊಡ್ಡ ಮನೆ) ಕಡೆಯ ಓಣಿಗಳು, ಕೋಟೆಯ ಬೆನ್ನಿಗಿರುವ ಢಿಬ್ಬಾ ಪಾಡಾ. ಬಹಳ ಜನಕ್ಕೆ ಇದೇ ಸರಿ ಅಂತ ನನ್ನ ಅಭಿಪ್ರಾಯ.

ಕೋಟೆ ಚೆಂದ ಕಾಣುವುದು ಹೊರಗಿನಿಂದ. ಒಳಗೆ ಮಲಗಿದವನಿಗೆ ಕೋಟೆ ಕಾಣುವುದಿಲ್ಲ. ಕೆಳಗಿನ ಮನೆಯ ತಾರಸಿ ಮೇಲೆ ಚಹಾ ಹಿಡಿದು ಕೂತರೆ ಬೆಳಗಿನ ಬಿಸಿಲಿಗೆ ಬುರುಜುಗಳು ಒಂದೊಂದಾಗಿ ಬಣ್ಣ ಬದಲಿಸುವುದು ಪೂರ್ತಿ ಕಾಣುತ್ತದೆ. ಪಟವಾ ಹವೇಲಿ, ನಥಮಲ್ ಹವೇಲಿ, ಸಲೀಂ ಸಿಂಗ್ ಹವೇಲಿ ಎಲ್ಲ ನಡೆದೇ ಹೋಗಬಹುದು. ಕೋಟೆಗೂ ದಿನಕ್ಕೆ ಎರಡು ಸಲ ಹತ್ತಿ ಬರಬಹುದು, ಒಳಗೆ ಹೋಗಲು ಟಿಕೆಟ್ ಇಲ್ಲ. ಅರಮನೆ ಮ್ಯೂಸಿಯಂಗೆ ಮಾತ್ರ ಉಂಟು. ಜೈನ ಬಸದಿಗಳನ್ನು ಬೆಳಗ್ಗೆಯೇ ನೋಡಿ, ಹೊರಗಿನವರಿಗೆ ಮಧ್ಯಾಹ್ನದ ಮೇಲೆ ಬಿಡದೇ ಇರಬಹುದು.

ಹಾಗಂತ ಪೇಟೆಗೆ ತೊಂದರೆ ಇಲ್ಲ ಅಂತಲ್ಲ. ಈಗ ಊರಿಗೆ ನೀರು ಬರುವುದು ಮುಖ್ಯವಾಗಿ ಇಂದಿರಾ ಗಾಂಧಿ ಕಾಲುವೆಯಿಂದ. ಪಂಜಾಬಿನ ಹರಿಕೆ ಬ್ಯಾರೇಜಿನಿಂದ ಹೊರಟು ಸುಮಾರು 650 ಕಿ.ಮೀ. ಬರುವ ಕಾಲುವೆ ಅದು. ಬೇಸಿಗೆ ಶುರುವಿನಲ್ಲಿ ರಿಪೇರಿಗೆ ಅಂತ ಕಾಲುವೆ ಮುಚ್ಚುತ್ತಾರೆ, ಇದನ್ನು ಅಲ್ಲಿ 'ನಹರ್‌ಬಂದಿ' ಅನ್ನುತ್ತಾರೆ. ಆಗ ಮನೆಗಳಿಗೆ ದಿನ ಬಿಟ್ಟು ದಿನ ನೀರು, ಹೋಟೆಲಿಗೆ ಟ್ಯಾಂಕರ್. ತೆರೆದ ಚರಂಡಿ, ಬೀದಿ ದನ, ಓಣಿ ಮೂಲೆಯ ಕಸ ಕೂಡ ಇವೆ. ಆದರೆ ಇಲ್ಲಿ ಚೆಲ್ಲಿದ ನೀರು ಕೋಟೆಯ ಬುಡಕ್ಕೆ ಇಳಿಯುವುದಿಲ್ಲ, ಅದು ದೊಡ್ಡ ವ್ಯತ್ಯಾಸ.

ಬಜೆಟ್ ಕಥೆಗೆ ಬರೋಣ. ಸೀಸನ್ ಗಡಿಬಿಡಿ ಬಿಟ್ಟರೆ ಸಾವಿರ, ಸಾವಿರದೈನೂರಕ್ಕೆ ಚೊಕ್ಕ ರೂಮ್ ಸಿಗುವ ಊರು ಇದು. ದೀಪಾವಳಿಯಿಂದ ಹೊಸ ವರ್ಷದವರೆಗೆ, ಮಾಘ ಹುಣ್ಣಿಮೆಯ 'ಮರು ಮಹೋತ್ಸವ' ಅನ್ನುವ ಮರುಭೂಮಿ ಉತ್ಸವದ ಹೊತ್ತಿಗೆ ರೇಟು ಏರುತ್ತದೆ. ಅನುಮಾನ ಪಡಬೇಕಾದ್ದು ತೀರಾ ಅಗ್ಗದ ರೂಮಿನ ಬಗ್ಗೆ. ಸ್ಟೇಷನ್ನಿನಲ್ಲಿ ಇನ್ನೂರು ಮುನ್ನೂರಕ್ಕೆ ರೂಮ್ ಅಂತ ಕೈ ಹಿಡಿದು ಎಳೆಯುವವನ ಲಾಭ ರೂಮಿನಲ್ಲಿಲ್ಲ, ಒಂಟೆ ಸಫಾರಿಯಲ್ಲಿದೆ. ಸಫಾರಿ ಬೇಡ ಅಂದರೆ ಮಾರನೇ ದಿನ ರೂಮೂ ಇಲ್ಲ. ರೂಮಿನವನ ಹತ್ತಿರವೇ ಸಫಾರಿ ತಗೊಳ್ಳಬೇಕು ಅಂತೇನಿಲ್ಲ, ಇದನ್ನು ಬುಕ್ ಮಾಡುವಾಗಲೇ ಹೇಳಿಬಿಡಿ.

ಊರಾಚೆಯ ರೆಸಾರ್ಟ್

ಸಮ್ ರಸ್ತೆ, ಜೋಧಪುರ ರಸ್ತೆಯ ಮೇಲೆ ಹೊಸ ಹೋಟೆಲುಗಳ ಸಾಲೇ ಇದೆ. ಹಳದಿ ಕಲ್ಲಿನ ಹವೇಲಿ ಥರ ಕಟ್ಟಿದ್ದಾರೆ. ಲಿಫ್ಟ್ ಇರುತ್ತದೆ, ಬಾಗಿಲವರೆಗೆ ಕಾರು ಬರುತ್ತದೆ, ಅಗಲವಾದ ಬಾತ್‌ರೂಮ್. ಮೊಣಕಾಲಿನ ಲೆಕ್ಕದಲ್ಲಿ ಇದೇ ಮೊದಲು. ನಡೆಯಲು ಆಗದವರು ಜೊತೆಗಿದ್ದರೆ ಬೇರೆ ಯೋಚನೆಯೇ ಬೇಡ.

ಉಳಿದ ಲೆಕ್ಕದಲ್ಲಿ ಇವು ಹಿಂದೆ. ನಹರ್‌ಬಂದಿಯಲ್ಲಿ ಊರು ಬಿಂದಿಗೆ ಹಿಡಿದು ಕಾಯುವಾಗ ಇಲ್ಲಿ ಈಜುಕೊಳ ತುಂಬಿರುತ್ತದೆ ಅನ್ನುವುದು ಜನರ ಸಿಟ್ಟು. ಪ್ರತಿ ಸಲ ಪೇಟೆಗೆ ಬರಲು ಆಟೋ ಬೇಕು. ಸಂಜೆ ಬೇಜಾರು. ಉಳಿಯುವುದಾದರೆ ಈಜುಕೊಳ ಇಲ್ಲದ್ದನ್ನೇ ಹುಡುಕಿ, ಅಂಥವು ಇವೆ.

ಸಮ್ ಮರಳದಿಬ್ಬ

ಊರಿನಿಂದ ಪಶ್ಚಿಮಕ್ಕೆ 40 ಕಿ.ಮೀ. 'ರಾಜಸ್ಥಾನ ಪ್ಯಾಕೇಜ್' ತಗೊಂಡವರೆಲ್ಲ ಕಡೆಗೆ ಬಂದು ಸೇರುವುದು ಇಲ್ಲಿಗೇ. ರಸ್ತೆಯ ಎರಡೂ ಕಡೆ ಬಿಳಿ 'ಸ್ವಿಸ್ ಟೆಂಟು'ಗಳು. ಹೆಸರಿಗೆ ಟೆಂಟ್, ಒಳಗೆ ಟೈಲ್ಸ್ ಹಾಕಿದ ಬಾತ್‌ರೂಮ್, ಮಂಚ, ಕೆಲವು ಕಡೆ ಏಸಿ. ಸಂಜೆ ಒಂಟೆ ಸವಾರಿ ಅಥವಾ ಜೀಪು, ಸೂರ್ಯಾಸ್ತ, ಆಮೇಲೆ ಕಾಲ್ಬೇಲಿಯಾ ನೃತ್ಯ, ಊಟ. ಒಂದೇ ಪ್ಯಾಕೇಜಿನಲ್ಲಿ ಎಲ್ಲ ಮುಗಿಯುತ್ತದೆ. ಅಪ್ಪ ಅಮ್ಮನಿಗೆ ಆಗುತ್ತಾ ಅಂತ ಕೇಳಿದವರಿಗೆ ಉತ್ತರ: ಆರಾಮಾಗಿ ಆಗುತ್ತದೆ, ಸ್ವೆಟರ್ ಇದ್ದರೆ. ಡಿಸೆಂಬರ್, ಜನವರಿ ರಾತ್ರಿ ಚಳಿ ಮೂಳೆಗೆ ಇಳಿಯುತ್ತದೆ.

ಆದರೆ ಮೌನ, ನಕ್ಷತ್ರ ಅಂತ ಕನಸು ಕಟ್ಟಿಕೊಂಡು ಹೋಗಬೇಡಿ. ಪಕ್ಕದ ಕ್ಯಾಂಪಿನ ಡಿಜೆ ನಿಮ್ಮ ಕ್ಯಾಂಪಿನ ಮಾಂಗಣಿಯಾರ್ (ಅಲ್ಲಿನ ಜನಪದ ಹಾಡುಗಾರರ ಸಮುದಾಯ) ಗಾಯಕನ ಧ್ವನಿಯನ್ನು ನುಂಗಿಹಾಕುತ್ತದೆ. ಕಮಾಯಚಾ ವಾದ್ಯದ ತಂತಿಯ ಮೇಲೆ ಕಮಾನು ಎಳೆದ ಮುದುಕ ಎರಡು ಹಾಡು ಹಾಡುವಷ್ಟರಲ್ಲಿ ಯಾರೋ ಸಿನಿಮಾ ಹಾಡು ಕೇಳುತ್ತಾರೆ, ಅವನು ನಕ್ಕು ಅದನ್ನೇ ಹಾಡುತ್ತಾನೆ. ಬೆಳಗ್ಗೆ ದಿಬ್ಬದ ಮೇಲೆ ಚಿಪ್ಸ್ ಪಾಕೀಟು, ನೀರಿನ ಬಾಟಲಿ. ಮರಳು ಅದನ್ನು ಮುಚ್ಚುತ್ತದೆ, ಗಾಳಿ ಮತ್ತೆ ತೆರೆಯುತ್ತದೆ. ಗುಡಿಸುವವರು ಯಾರು ಅನ್ನುವುದಕ್ಕೆ ಕ್ಯಾಂಪಿನವರು ಪಂಚಾಯಿತಿ ಕಡೆ ಕೈ ತೋರಿಸುತ್ತಾರೆ, ಊರಿನವರು ಕ್ಯಾಂಪಿನ ಕಡೆ.

ಇನ್ನೊಂದು ವಿಷಯ. ಈ ಭಾಗ 3,162 ಚದರ ಕಿ.ಮೀ.ನ ಡೆಸರ್ಟ್ ನ್ಯಾಷನಲ್ ಪಾರ್ಕಿನ ಮಗ್ಗುಲಲ್ಲಿದೆ. ಗೋಡಾವಣ್, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಕೊನೆಯ ದೊಡ್ಡ ನೆಲೆ ಇದು. ಜಗತ್ತಿನಲ್ಲಿ ಉಳಿದಿರುವುದು ನೂರೈವತ್ತಕ್ಕಿಂತ ಕಡಿಮೆ ಅಂತ ಅಂದಾಜು. ನಮ್ಮ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಕಂಡಿದ್ದೂ ಇದೇ ಹಕ್ಕಿ. ಸಮ್‌ನಲ್ಲಿ 2019ರಿಂದ ಇದರ ಮರಿ ಮಾಡಿಸುವ ಕೇಂದ್ರ ನಡೆಯುತ್ತಿದೆ. ಅಲ್ಲಿಗೆ ಹೋಗುವ ದಾರಿಯುದ್ದಕ್ಕೂ ಕಾಣುವ ಗಾಳಿಯಂತ್ರ, ವಿದ್ಯುತ್ ತಂತಿಗಳಿಗೆ ಈ ಭಾರದ ಹಕ್ಕಿ ಬಡಿದು ಸಾಯುತ್ತದೆ. ತಂತಿಯನ್ನು ನೆಲದಡಿ ಹಾಕಿ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2024ರಲ್ಲಿ ಆ ಆದೇಶ ಸಡಿಲವಾಗಿ ಸಮಿತಿಗೆ ಹೋಯಿತು. ಹಳ್ಳಿಯವರ ಚಿಂತೆ ಹಕ್ಕಿಯದ್ದಷ್ಟೇ ಅಲ್ಲ. ದೇವರ ಹೆಸರಲ್ಲಿ ಬಿಟ್ಟ 'ಓರಣ್' ಅನ್ನುವ ಗೋಮಾಳಗಳು ಸರ್ಕಾರಿ ದಾಖಲೆಯಲ್ಲಿ ಬಂಜರು ಅಂತ ಇದ್ದು, ಸೋಲಾರ್ ಕಂಪನಿಗಳ ಪಾಲಾಗುತ್ತಿವೆ ಅನ್ನುವುದು ಅವರ ಗೋಳು. ಒಂಟೆ ಮೇಯುವುದು ಅಲ್ಲೇ. ದೇಶದಲ್ಲಿ 2012ರಲ್ಲಿ 4 ಲಕ್ಷ ಇದ್ದ ಒಂಟೆ 2019ರ ಗಣತಿಗೆ ಎರಡೂವರೆ ಲಕ್ಷಕ್ಕೆ ಇಳಿದಿತ್ತು. ಅದಕ್ಕೇ ಜೀಪಿಗಿಂತ ಒಂಟೆ ಸವಾರಿ ತಗೊಳ್ಳಿ ಅನ್ನುತ್ತೇನೆ. ದುಡ್ಡು ಒಂಟೆ ಸಾಕುವವನಿಗೆ ಹೋಗುತ್ತದೆ, ದಿಬ್ಬವೂ ಟೈರಿಗೆ ಸಿಕ್ಕುವುದಿಲ್ಲ.

ಖುಡಿ

ಊರಿನಿಂದ ನೈಋತ್ಯಕ್ಕೆ ಸುಮಾರು 50 ಕಿ.ಮೀ. ಮಣ್ಣಿನ ಗೋಡೆಯ ಗುಂಡು ಗುಡಿಸಲು, ಸಗಣಿ ಸಾರಿಸಿದ ಅಂಗಳ, ಮನೆಯವರೇ ಮಾಡಿದ ಬಾಜ್ರಾ ರೊಟ್ಟಿ, ಕೇರ್ ಸಾಂಗ್ರಿ ಪಲ್ಯ. ಉತ್ತರ ಕರ್ನಾಟಕದವರಿಗೆ ಆ ರೊಟ್ಟಿ ತಟ್ಟುವ ಸದ್ದು ಪರಿಚಯದ್ದೇ, ಸಜ್ಜೆ ರೊಟ್ಟಿ ತಾನೆ. ದಿಬ್ಬಗಳು ಸಮ್‌ನಷ್ಟು ದೊಡ್ಡವಲ್ಲ. ಆದರೆ ರಾತ್ರಿ ಸದ್ದಿಲ್ಲ. ಕೊಟ್ಟ ದುಡ್ಡು ಬಹುಮಟ್ಟಿಗೆ ಆ ಹಳ್ಳಿಯ ಮನೆಗೇ ಸೇರುತ್ತದೆ.

ಅನನುಕೂಲವೂ ಇದೆ. ಬಚ್ಚಲು, ಕಕ್ಕಸು ಸಾದಾ, ಕೆಲವು ಕಡೆ ಅಂಗಳದಾಚೆ. ನೀರು ಅಳೆದು ಕೊಡುತ್ತಾರೆ. ಸ್ವಂತ ಗಾಡಿ ಇಲ್ಲದಿದ್ದರೆ ಬಸ್ಸಿನ ಸಮಯಕ್ಕೆ ಕಾಯಬೇಕು, ಇಲ್ಲವೇ ಟ್ಯಾಕ್ಸಿ. ರಾತ್ರಿ ಆರೋಗ್ಯ ಕೆಟ್ಟರೆ ಆಸ್ಪತ್ರೆ ದೂರ. ಸಣ್ಣ ಮಕ್ಕಳಿರುವವರು ಇದನ್ನು ಯೋಚಿಸಿ. ಇಲ್ಲಿಯೂ ಈಗೀಗ ಕ್ಯಾಂಪುಗಳು ಹೆಚ್ಚುತ್ತಿವೆ, ಬುಕ್ ಮಾಡುವಾಗ ಮನೆಯಾ ಕ್ಯಾಂಪಾ ಅಂತ ಕೇಳಿ.

ನಿಮಗೆ ಯಾವುದು?

ಅಜ್ಜ ಅಜ್ಜಿ, ಮಕ್ಕಳು ಎಲ್ಲ ಸೇರಿ ಹೊರಟವರು ಹಳೇ ಪೇಟೆಯ ಅಂಚಿನಲ್ಲಿ, ಆಟೋ ಬಾಗಿಲಿಗೆ ಬರುವಂಥ ಕಡೆ, ನೆಲಮಹಡಿ ರೂಮ್ ಹಿಡಿದು ಎರಡು ರಾತ್ರಿ ಇರಿ. ಮರಳು ನೋಡಲು ಸಂಜೆ ಟ್ಯಾಕ್ಸಿಯಲ್ಲಿ ಹೋಗಿ ರಾತ್ರಿ ವಾಪಸ್ ಬನ್ನಿ. ದಾರಿಯಲ್ಲಿ ಪಾಲೀವಾಲ ಬ್ರಾಹ್ಮಣರು ಬಿಟ್ಟುಹೋದ ಕುಲಧರಾ ಹಳ್ಳಿಯೂ ಸಿಗುತ್ತದೆ. ಟೆಂಟಿನ ಖರ್ಚು ಉಳಿಯುತ್ತದೆ, ನಿದ್ದೆಯೂ.

ಹೊಸದಾಗಿ ಮದುವೆಯಾದವರು, ಸ್ನೇಹಿತರು: ಪೇಟೆಯಲ್ಲಿ ಒಂದು ರಾತ್ರಿ, ಖುಡಿಯಲ್ಲಿ ಒಂದು. ಕುಣಿತ, ಗದ್ದಲವೇ ಬೇಕು ಅನ್ನುವ ಗುಂಪಿಗೆ ಸಮ್ ಬಿಟ್ಟರೆ ಬೇರೆ ಇಲ್ಲ, ಸುಮ್ನೆ ಖುಡಿಗೆ ಹೋಗಿ ಅವರ ನಿದ್ದೆ ಕೆಡಿಸಬೇಡಿ. ಕಟ್ಟಡ, ಇತಿಹಾಸದ ಹುಚ್ಚಿರುವ ಒಬ್ಬಂಟಿ ಪ್ರಯಾಣಿಕ ಕೋಟೆಯಲ್ಲಿ ಒಂದು ರಾತ್ರಿ ಕಳೆದರೆ ನಾನು ಬೈಯುವುದಿಲ್ಲ. ಅದೂ ಜುಲೈ, ಆಗಸ್ಟ್ ತಿಂಗಳಲ್ಲಿ ಬೇಡ.

ಬೆಂಗಳೂರಿನಿಂದ ಹುಬ್ಬಳ್ಳಿ ದಾರಿಯಾಗಿ ಜೋಧಪುರಕ್ಕೆ ನೇರ ರೈಲಿದೆ. ಅಲ್ಲಿಂದ ಜೈಸಲ್ಮೇರ್ ಇನ್ನೂ 280 ಕಿ.ಮೀ. ಆಸುಪಾಸು. ಇಷ್ಟು ದೂರ ಹೋಗಿ ಒಂದೇ ರಾತ್ರಿ ಇದ್ದು ಬರುವುದು ಯಾವ ಲೆಕ್ಕಕ್ಕೂ ಸರಿಹೋಗುವುದಿಲ್ಲ, ಕಡೇಪಕ್ಷ ಎರಡು ರಾತ್ರಿ ಇಟ್ಟುಕೊಳ್ಳಿ.

ಬುಕ್ ಮಾಡುವ ಮೊದಲು ಫೋನ್ ಮಾಡಿ ಹಿಂದಿಯಲ್ಲೇ ನಾಲ್ಕು ಮಾತು ಕೇಳಿ. ಮನೆಯವರು ಅಲ್ಲೇ ಇರುತ್ತಾರಾ? ರೂಮ್ ಎಷ್ಟನೇ ಮಹಡಿ? ಸಫಾರಿ ಕಡ್ಡಾಯವಾ? ಕುಡಿಯುವ ನೀರು ಫಿಲ್ಟರಿನದ್ದಾ, ಬಾಟಲಿಯದ್ದಾ? ಕೋಟೆ ಒಳಗಿನ ಮನೆಯಾದರೆ ಐದನೆಯದೊಂದು: ಬಚ್ಚಲು ಚರಂಡಿ ಕೊಳವೆಗೆ ಸೇರಿದೆಯಾ? ಸೇರಿಸಿದವರು ತಕ್ಷಣ ಹೌದು ಅನ್ನುತ್ತಾರೆ, ಎಷ್ಟು ಖರ್ಚಾಯಿತು ಅಂತಲೂ ಹೇಳುತ್ತಾರೆ. ಮಾತು ತಿರುಗಿಸಿ ಕಿಟಕಿಯ ನೋಟದ ಬಗ್ಗೆ ಹೇಳತೊಡಗಿದರೆ ಕೆಳಗಿನ ಪೇಟೆಗೆ ಫೋನ್ ಮಾಡಿ.